ನಿನ್ನ ಗುಟ್ಟು ಒಡೆದೆ

ಗೆಳತಿ ಸುಮಿ,

ನೀನು ಹೋಗಿ ವರ್ಷವಾಗುತ್ತ ಬಂತು. ಹೊಸಪೇಟೆಯಲ್ಲಿ ನಿನ್ನ ಮಾತು ಬಂದರೆ ಈಗಲೂ ಜನ ಲೊಚಗುಟ್ಟುತ್ತಾರೆ. ಮೊನ್ನೆ ಬ್ಲೌಸ್ ಹೊಲಿಸಲು ಬಂದವಳೊಬ್ಬಳು, "ಊರ ಉಸಾಬರಿ ಯಾಕ ಬೇಕಿತ್ತವ್ವಾ ಅಕಿಗೆ?" ಅಂದಳು. ಬಟ್ಟೆ ವಾಪಸ್ ಕೊಟ್ಟು, ಹೊಲಿಯುವುದಿಲ್ಲ ಹೋಗು ಅಂದೆ. ಗಿರಾಕಿ ಹೋದರೆ ಹೋಗಲಿ!

ನಿನ್ನ ಜೊತೆ ಮೊದಲ ಸಲ ಸಂಡೂರಿನ ಗಣಿ ಕೂಲಿಗಳ ಓಣಿಗೆ ಬಂದ ದಿನ ನೆನಪಿದೆಯಾ? ಕ್ಷಯದ ರೋಗಿಗಳು ಗುಳಿಗೆ ನುಂಗುವುದನ್ನು ಕಣ್ಣಾರೆ ನೋಡಿ ಬರುವುದು ನಿನ್ನ ಕೆಲಸ, ಸಂಬಳವಿಲ್ಲದ್ದು. ರೋಗಿ ಹನುಮಕ್ಕ ಚಾ ಕೊಟ್ಟಳು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ನೀನು ಮಾಸ್ಕ್ ಇಳಿಸಿಬಿಟ್ಟೆ. ನಾನು ಕಣ್ಣು ದೊಡ್ಡದು ಮಾಡಿದರೆ ನೀನು, "ಚಾ ಬ್ಯಾಡ ಅಂದ್ರ ನಾಳೆ ಬಾಗ್ಲಾ ತಗಿಯಂಗಿಲ್ಲಲೇ" ಅಂದೆ. ಹೊರಗೆ ಕಟ್ಟೆಯ ಮೇಲೆ ಕೂತು ಕುಡಿಯಬಹುದು ಅಂತ ನಮ್ಮಿಬ್ಬರಿಗೂ ಯಾಕೆ ಹೊಳೆಯಲಿಲ್ಲ?

ನಿನಗೆ ಕೆಮ್ಮು ಹತ್ತಿದಾಗ ನೀನು "ಅದಿರಿನ ಧೂಳಲೇ" ಅಂದೆ. ಗುಳಿಗೆ ನುಂಗಿಸುವವಳಿಗೇ ಕ್ಷಯ ಅಂದರೆ ಓಣಿಯವರು ನಂಬುವುದು ಬಿಟ್ಟಾರು ಅನ್ನುವ ಹೆದರಿಕೆ ನಿನಗೆ. ತಿಂಗಳುಗಟ್ಟಲೆ ಪರೀಕ್ಷೆಗೇ ಹೋಗಲಿಲ್ಲ. ಕಫದಲ್ಲಿ ರಕ್ತ ಕಂಡ ಮೇಲೆ ನನ್ನ ಮುಂದೆ ಬಾಯಿಬಿಟ್ಟು, ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಯಾರಿಗೂ ಹೇಳಬೇಡ ಅಂತ ಆಣೆ ಮಾಡಿಸಿಕೊಂಡೆ. ಅಷ್ಟರಲ್ಲಿ ಶ್ವಾಸಕೋಶ... ಹೋಗಲಿ ಬಿಡು.

ನಿನ್ನ ಅತ್ತಿಗೆ ನಿನ್ನ ತಟ್ಟೆಯನ್ನು ಹಿತ್ತಲಲ್ಲಿ ಬೇರೆ ಇಟ್ಟ ದಿನ ನನಗೆ ಬಂದ ಸಿಟ್ಟು! ಅವಳೆದುರಿಗೇ ನಾನು ಅದರಲ್ಲಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಉಂಡೆ. ತಟ್ಟೆಯಿಂದ ಹರಡುವುದಿಲ್ಲ ಅಂತ ನೀನೇ ಮನೆಮನೆಗೂ ಹೇಳಿದ್ದೆಯಲ್ಲ. ನೀನು ನಕ್ಕೆ, ನಕ್ಕು ಕೆಮ್ಮಿದೆ. ಕೊನೆಯ ತನಕ ದಿನಾ ಅಂಗಡಿ ತೆಗೆಯುವ ಮುಂಚೆ ನಿನ್ನೆದುರು ಕೂತು ಗುಳಿಗೆ ನುಂಗಿಸಿದೆ. ಆದರೂ ಉಳಿಸಿಕೊಳ್ಳಲು ಆಗಲಿಲ್ಲ. ಆ ಉರಿ ಇನ್ನೂ ಆರಿಲ್ಲ ಕಣೇ.

ನೀನು ಹೋದ ಮೇಲೆ ಹನುಮಕ್ಕನ ಮನೆಗೆ ಹೋದೆ. ಅವಳು ಗುಳಿಗೆ ಬಿಟ್ಟು ಹತ್ತು ದಿನವಾಗಿತ್ತು. "ಗುಳಿಗಿ ಕೊಡಾಕಿನಾ ಹೋದ್ಲು. ಇವನ್ನ ನುಂಗಿ ನಾ ಉಳಿತೀನೇನ್ರಿ?" ಅಂದಳು. ಅವಳನ್ನು ನೋಡಿ ಓಣಿಯಲ್ಲಿ ಇನ್ನೂ ಮೂವರು ಬಿಟ್ಟಿದ್ದರು. ನಿನಗೆ ಮಾಡಿದ ಆಣೆ ನೆನಪಾಯಿತು. ಆದರೂ ಹೇಳಿಯೇಬಿಟ್ಟೆ: "ಗುಳಿಗಿ ನುಂಗಿ ಸತ್ತಿಲ್ಲವ್ವಾ ಅಕಿ. ಕೆಮ್ಮು ಮುಚ್ಚಿಟ್ಲು, ತಡಾ ಮಾಡಿದ್ಲು, ಅದಕ್ಕ ಸತ್ಲು. ನೀ ಹಂಗ ಸಾಯಬ್ಯಾಡ." ಮರುದಿನ ಅವಳು ನನ್ನ ಜೊತೆ ಆಸ್ಪತ್ರೆಗೆ ಬಂದಳು.

ಸಿಟ್ಟಾದರೆ ಆಗು, ಸುಮಿ. ನಿನ್ನ ಮಾನ ಕಾಯುತ್ತ ಕೂತು ಓಣಿಯವರನ್ನು ಮಣ್ಣು ಮಾಡಲು ನನ್ನಿಂದಾಗದು. ನಿನ್ನ ಕತೆಯನ್ನು ಗಾದಿಗನೂರಿನ ರೋಗಿಗಳಿಗೂ ಹೇಳಿದ್ದೇನೆ, ಕಂಪ್ಲಿಯಲ್ಲೂ ಹೇಳುತ್ತೇನೆ. ಇನ್ನೊಂದು ಸುದ್ದಿ ಕೇಳು: ಹನುಮಕ್ಕನ ಗುಳಿಗೆ ಮುಗಿದವು. ರೋಗ ಹೋಗಿದೆ ಅಂದರು ಡಾಕ್ಟರು. ಗುಳಿಗೆ ಬಿಟ್ಟು ಈಚೆಗೆ ಮತ್ತೆ ಶುರು ಮಾಡಿದ ಆ ಮೂವರ ಮನೆಗೆ ಈಗ ಅವಳೇ ದಿನಾ ಹೋಗುತ್ತಾಳೆ. ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಗದರುತ್ತಾಳೆ: "ನುಂಗಿದೇನು? ಎಲ್ಲಿ, ಬಾಯಿ ತಗಿ, ನೋಡ್ತೀನಿ."

ನಿನ್ನ,
ಗಿರಿಜಾ