ಅತಿಯಾಗಿ ಒಣಗಿದ ಕಲ್ಲಿದ್ದಲು

ಅಕ್ಕಾ,

ಭಾವನ ಬದಲು ನನ್ನ ಅಕ್ಷರ ಕಂಡು ಗಾಬರಿಬೀಳಬೇಡ, ಅವರು ಬದುಕಿದ್ದಾರೆ. ಇಲ್ಲಿ ಕಲ್ಲಿದ್ದಲಿನಿಂದ ಎಣ್ಣೆ ತೆಗೆಯುತ್ತೇವೆ. ಗಣಿಯಿಂದ ಅದು ಹಿಂಡಿದರೆ ನೀರಿಳಿಯುವಷ್ಟು ಒದ್ದೆಯಾಗಿ ಬರುತ್ತದೆ. ಒಣಗಿಸದಿದ್ದರೆ ಎಣ್ಣೆ ಕಡಿಮೆ; ಅತಿಯಾಗಿ ಒಣಗಿಸಿದರೆ ಗಾಳಿ ತಾಗಿದೊಡನೆ ತಾನೇ ಹೊತ್ತಿಕೊಳ್ಳುತ್ತದೆ. ಎಣ್ಣೆ ಸಾಲದೆಂದು ಸೋಮವಾರ ಮೇಸ್ತ್ರಿ ಅತಿಯಾಗಿಯೇ ಒಣಗಿಸಿದ.

"ಇನ್ನೂ ಕಾದಿದೆ ಸಾರ್, ಆರ್ಲಿ" ಎಂದರು ಭಾವ.

"ಆರೋವರೆಗೂ ಎಣ್ಣೆ ನಿಮ್ಮಪ್ಪ ಕೊಡ್ತಾನಾ? ತೆಗಿ ಬಾಗ್ಲು."

ಒಣಗಿಸುವ ಗೂಡಿನ ಬಾಗಿಲು ತೆಗೆಯುತ್ತಲೇ ಬೆಂಕಿ ನುಗ್ಗಿತು. ನನ್ನನ್ನು ಹಿಂದಕ್ಕೆ ತಳ್ಳಿದ ಭಾವನ ಎರಡೂ ಕೈ ಬೆಂದಿವೆ. ಆಸ್ಪತ್ರೆ ಖರ್ಚು ಕಂಪನಿಯದು. "ಚಳಿಗೆ ಚರ್ಮ ಒಡೆದಿದೆ ಅಂತ ಬರಿ ಸಾಕು" ಎಂದರು ಭಾವ, ನಿನಗೆ ಸುಳ್ಳು ಬರೆಯುವುದು ನನ್ನಿಂದಾಗಲಿಲ್ಲ. ನನ್ನ ಕೈಯಿಂದ ಉಣ್ಣಲು ಅವರಿಗೆ ನಾಚಿಕೆ. ಎರಡು ತುತ್ತಿಗೇ ಗೋಡೆಯತ್ತ ತಿರುಗುತ್ತಾರೆ. ಬೇಗ ಹೊರಟು ಬಾ.

ನಿನ್ನ ತಮ್ಮ