ನಿದ್ದೆಗಳ್ಳಿಯ ಬೀಗ

ಫೆಬ್ರವರಿ 11, ಬೆಳಗ್ಗೆ

ಮಗಳಿಗೆ ಹಾಲು, ಬಟ್ಟೆ ಒಣಹಾಕಿದ್ದು, ಮತ್ತೆ ಹಾಲು. ರಾತ್ರಿ ರೆಪ್ಪೆ ಅಂಟಿಸಿಲ್ಲ. ಎದುರು ಮನೆ ಟೀಚರ್ ಲ್ಯಾಪ್‌ಟಾಪ್ ಕಳವಾಗಿದೆ. ಅದರಲ್ಲಿದ್ದ ಅವರ ಮಗುವಿನ ಫೋಟೊಗಳು ಯಾರ್ಯಾರದೋ ಫೋನಿನಲ್ಲಿ ಓಡಾಡುತ್ತಿವೆಯಂತೆ. ನಮ್ಮದರಲ್ಲೂ ಮಗಳ ಫೋಟೊ ಎಲ್ಲ ಇವೆ. ಅಮ್ಮನ ವಿಡಿಯೊ ಇದೆ — ತೀರಿಹೋಗುವ ಮುಂಚಿನ ವಾರ, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಜೋಗುಳ ಹಾಡಿದ್ದು. ಅಮ್ಮನ ದನಿ ಅಂತ ಉಳಿದಿರುವುದು ಅದೊಂದೇ.

ಫೆಬ್ರವರಿ 12

ಎಲ್ಲ ಒಂದು ಹಾರ್ಡ್ ಡಿಸ್ಕಿಗೆ ಹಾಕಿ ಲಾಕ್ ಮಾಡಿದೆ. ಹತ್ತು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ತಾನಾಗಿ ಎಲ್ಲ ಅಳಿಸಿಹಾಕುತ್ತದೆ. ಹಾಗೇ ಆಗಬೇಕು ಕಳ್ಳರಿಗೆ! ಲ್ಯಾಪ್‌ಟಾಪ್, ನನ್ನ ಫೋನ್, ಇವರ ಫೋನ್, ಅಪ್ಪನ ಫೋನ್ — ಎಲ್ಲದರಿಂದಲೂ ಡಿಲೀಟ್. ಅಪ್ಪ ಗೊಣಗಿದರು. "ನನ್ನ ಡಬ್ಬಾ ಫೋನು ಯಾವ ಕಳ್ಳನಿಗೆ ಬೇಕು ಹೇಳು?"

ಪಾಸ್‌ವರ್ಡ್ ಇಲ್ಲೂ ಬರೆಯುವುದಿಲ್ಲ. ಮರೆಯುವಂಥದ್ದೇ ಅಲ್ಲ.

ಮಾರ್ಚ್ 2, ಮಧ್ಯಾಹ್ನ

ಮಗಳದು ಒಂದೇ ಹಟ. ಅಮ್ಮನ ಹಾಡು ಕೇಳಿಸೋಣವೆಂದು ಡಿಸ್ಕ್ ಹಾಕಿದೆ. ತೆರೆಯಲಿಲ್ಲ. ಮತ್ತೆ... ಇಲ್ಲ.

ಇನ್ನೇನು ಮುಚ್ಚುಮರೆ — ಪಾಸ್‌ವರ್ಡ್ ನಿದ್ದೆಗಳ್ಳಿ. ಮನೆಮಂದಿಯ ನಿದ್ದೆಯನ್ನೆಲ್ಲ ಕದಿಯುತ್ತಾಳೆಂದು ಅಮ್ಮ ಮಗಳಿಗೆ ಇಟ್ಟ ಹೆಸರು. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದೆ. ಹೇಗೆ ಹೊಡೆದೆ? ಡಿ ಒಂದೋ ಎರಡೋ? ಜೊತೆಗೆ ಎಚ್ ಇತ್ತೇ? 'ಳ್ಳಿ'ಗೆ ದೊಡ್ಡ ಎಲ್ ಹಾಕಿದೆನೋ, ಚಿಕ್ಕದೋ?

"ನಿದ್ದೆಗಣ್ಣಲ್ಲಿ ಹೊಡೆದಿದ್ದೀಯ, ಎಲ್ಲಿಂದ ನೆನಪಿರತ್ತೆ? ಸಾಕು, ನಿಲ್ಸೇ," ಅಂದರು ಇವರು. ನಿಲ್ಲಿಸಲಾಗಲಿಲ್ಲ.

ಮಾರ್ಚ್ 4

ಕಂಪ್ಯೂಟರ್ ರಿಪೇರಿಯವನು ಡಿಸ್ಕನ್ನು ಹಿಂದೆ ಮುಂದೆ ತಿರುಗಿಸಿ ವಾಪಸ್ ಕೊಟ್ಟ. "ಒಳ್ಳೇ ಗಟ್ಟಿ ಬೀಗ ಹಾಕಿದೀರ ಮೇಡಂ. ನಾನು ಒಡೆಯೋ ಹಾಗಿದ್ರೆ ಅದನ್ಯಾಕೆ ಬೀಗ ಅಂತಾರೆ?" ನಕ್ಕ. ನನಗೆ ಅಂಗಡಿಯಲ್ಲೇ ಅಳು ಒತ್ತರಿಸಿ ಬಂತು.

ಮಾರ್ಚ್ 9

ನೆನಪಾಯಿತು, ನೆನಪಾಯಿತು ಅಂತ ಹೊಡೆಯುತ್ತಲೇ ಹೋದೆ. ಉಳಿದಿರುವುದು ಒಂದೇ ಸಲ. ಅದೂ ತಪ್ಪಿದರೆ ಅಮ್ಮ ಇನ್ನೊಮ್ಮೆ ಹೋದ ಹಾಗೆ. ಈ ಸಲ ನನ್ನ ಕೈಯಾರೆ.

ಅಪ್ಪನಿಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಡಿಸ್ಕನ್ನು ಅಂಗೈ ಮೇಲಿಟ್ಟುಕೊಂಡು ಕೂತರು.

"ಇನ್ನು ಮುಟ್ಟಬೇಡ ಕಣಮ್ಮ. ಒಳಗಿದಾಳೆ ಅನ್ನೋದಾದ್ರೂ ಇರ್ಲಿ."

ಮಾತು ಕೊಟ್ಟೆ.

ಮಾರ್ಚ್ 15, ಬೆಳಗ್ಗೆ

ಅಪ್ಪ ಮಗಳ ಮುಖ ತೊಳೆಸುತ್ತಿದ್ದರು. "ನಿದ್ದೇಏಗಳ್ಳೀ, ಎದ್ದೆಯೇನೇ?" ಅಮ್ಮನದೇ ರಾಗ! ಅಮ್ಮ 'ದ್ದೆ'ಯನ್ನು ಹಾಗೇ ಎಳೆಯುತ್ತಿದ್ದಳು. ನಾನೂ ಎಳೆದೇ ಹೊಡೆದಿದ್ದೆ. ಎರಡು ಇ. ಹೌದು, ಎರಡು... ಹೊಡೆದಿದ್ದೆನೇ? ಇಲ್ಲವೇ ಹಾಗೆ ಹೊಡೆದಿರಲಿ ಅಂತ ಈಗ ಆಸೆಪಡುತ್ತಿದ್ದೇನೆಯೇ?

ಅಪ್ಪ ಮಗಳನ್ನೆತ್ತಿಕೊಂಡು ಬೀದಿಗೆ ಹೋದರು. ಡಿಸ್ಕ್ ಮುಂದಿದೆ. ಕೊಟ್ಟ ಮಾತೂ ಮುಂದಿದೆ. ಒತ್ತುವ ಮುಂಚೆ ಇಲ್ಲಿ ಬರೆದು ನೋಡುತ್ತೇನೆ, ಬರೆದು ನೋಡುತ್ತೇನೆ ಅಷ್ಟೇ — ಎನ್, ಐ, ಡಿ, ಡಿ, ಇ,