ಆಲಿವ್ ಕಾಯಿಯ ಕಾರ್ಖಾನೆ

ಫೆಲ್ಗೈರಸ್, ಗುರುವಾರ

ಪ್ರೀತಿಯ ಚಿಕ್ಕಮ್ಮ,

ದಿನವೂ ಉಪ್ಪುಮೀನು ತಿಂದು ಹೊಟ್ಟೆ ಸ್ವಲ್ಪ ಕೆಟ್ಟಿದೆ, ಚಿಂತೆ ಬೇಡ. ಕೂತಲ್ಲಿ ಕೂರಲಾಗದಿರುವುದು ಬೇರೆ ಕಾರಣಕ್ಕೆ. ನಾನು ಸಹಾಯಕಿಯಾಗಿರುವ ಪ್ರೊಫೆಸರರ ಅಧ್ಯಯನದವರು ಅಬೀಲಿಯೋನ ಬೂಟು ಕಾರ್ಖಾನೆಗೆ ಕೆಲಸ ಸುಧಾರಿಸುವ ಸಲಹೆ ಕೊಡುತ್ತಾರೆ. ಅವನ ಭಾವ ಝೆಫೆರೀನೋನ ಕಾರ್ಖಾನೆಯಲ್ಲಿ ಏನೂ ಹೇಳದೆ ಉತ್ಪಾದನೆಯನ್ನಷ್ಟೇ ಅಳೆಯುತ್ತಾರೆ. ಸಲಹೆಯಿಂದ ಎಷ್ಟು ಲಾಭವಾಯಿತೆಂದು ಕೊನೆಗೆ ಎರಡನ್ನೂ ಹೋಲಿಸಿ ನೋಡಬೇಕು. ಆದರೆ ಈ ಊರಿನ ಮಾಲೀಕರೆಲ್ಲ ಮಧ್ಯಾಹ್ನ ಉಣ್ಣುವುದು ಒಂದೇ ಖಾನಾವಳಿಯಲ್ಲಿ.

ಇವತ್ತು ಅಲ್ಲಿ ನನ್ನೆದುರೇ ಅಬೀಲಿಯೋ ಕಾಗದದ ಮೇಜುಹಾಸಿನ ಮೇಲೆ ಯಂತ್ರಗಳೆಂದು ಆಲಿವ್ ಕಾಯಿಗಳನ್ನೂ, ಅಂಟು ಹಚ್ಚುವ ಮೇಜೆಂದು ಬ್ರೆಡ್ ತುಂಡನ್ನೂ ಜೋಡಿಸಿ, ನಾವು ಕಲಿಸಿದ್ದನ್ನೆಲ್ಲ ಭಾವನಿಗೆ ಒಪ್ಪಿಸಿದ.

"ಯಾರ್ಗೂ ಹೇಳ್ಬಾರ್ದು ಅಂತ ಒಪ್ಕೊಂಡಿದ್ರಲ್ಲ ಸಾರ್," ಅಂದೆ.

"ನೀನು ಹೇಳ್ಬೇಡ ಕಣಮ್ಮ, ಹೇಳ್ತಿರೋದು ನಾನಲ್ವಾ? ಭಾವಂಗೆ ಮುಚ್ಚಿಟ್ರೆ ಭಾನುವಾರ ನಮ್ಮಕ್ಕ ನಂಗೆ ಸೂಪ್ ಹಾಕ್ತಾಳಾ?"

ಪ್ರೊಫೆಸರರಿಗೆ ತಿಳಿಸಿದರೆ ಹೋಲಿಕೆ ಕೆಟ್ಟಿತೆಂದು ಈ ಎರಡೂ ಕಾರ್ಖಾನೆಗಳನ್ನು ಅಧ್ಯಯನದಿಂದ ಕೈಬಿಡುತ್ತಾರೆ. ತಿಳಿಸಲೇಬೇಕು, ಗೊತ್ತು. ಆದರೆ ಚಿಕ್ಕಮ್ಮ, ಅಬೀಲಿಯೋ ಆ ಬ್ರೆಡ್ ತುಂಡನ್ನು ತಪ್ಪು ಜಾಗದಲ್ಲಿ ಇಟ್ಟಿದ್ದ. ಅದನ್ನು ಸರಿಯಾದ ಜಾಗಕ್ಕೆ ಸರಿಸಿದ್ದು ನನ್ನ ಕೈ.

ಅಂಚೆ ಹೋಗುವ ಹೊತ್ತಾಯಿತು,
ಗ್ರಸಿಂದಾ